ಬೆಟ್ಟದ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರ: ಅಲ್ಲಿ ಏನು ನೋಡಬೇಕು, ಏನು ಕೇಳಬೇಕು

ಬೆಟ್ಟಗಳ ನಡುವಿನ ರಾಷ್ಟ್ರೀಯ ಉದ್ಯಾನಕ್ಕೆ ಹೋದ ಹೆಚ್ಚಿನವರು ಅಲ್ಲಿನ ಮಾಹಿತಿ ಕೇಂದ್ರದಲ್ಲಿ ಮೂರೇ ಕೆಲಸ ಮಾಡುತ್ತಾರೆ. ಶೌಚಾಲಯಕ್ಕೆ ಹೋಗುತ್ತಾರೆ, ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಾರೆ, ಗೋಡೆಯ ಮೇಲಿನ ದೊಡ್ಡ ನಕ್ಷೆಯ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಎಲ್ಲ ಮಾಹಿತಿ ಫೋನಿನಲ್ಲೇ ಇದೆ, ಅಲ್ಲಿ ನಿಂತು ಸಮಯ ಯಾಕೆ ಕಳೆಯಬೇಕು ಅನ್ನುವುದು ಅವರ ಲೆಕ್ಕ. ದಾರಿ ಎಲ್ಲಿದೆ, ಎಷ್ಟು ಉದ್ದ ಇದೆ ಅನ್ನುವುದು ಫೋನಿನಲ್ಲಿ ಇರುತ್ತದೆ, ನಿಜ. ಆದರೆ ಆ ದಾರಿ ಇವತ್ತು ಹೇಗಿದೆ ಅನ್ನುವುದು ಇರುವುದಿಲ್ಲ. ಬೆಟ್ಟದಲ್ಲಿ ಜೀವ ಉಳಿಸುವುದು ಈ ಎರಡನೆಯ ಮಾಹಿತಿ. ಅದು ಸಿಗುವ ಜಾಗ ಬಹಳ ಸಲ ಆ ಒಂದು ಕಟ್ಟಡ ಮಾತ್ರ. ಅದಕ್ಕೇ ಅಲ್ಲಿ ಅರ್ಧ ಗಂಟೆ ನಿಲ್ಲಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಬಯಲಿನಲ್ಲಿರುವ ಉದ್ಯಾನಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿ ಗೇಟಿನ ಹತ್ತಿರ ಬಿಸಿಲಿದ್ದರೆ ಐದು ಕಿಲೋಮೀಟರ್ ಆಚೆಗೂ ಹೆಚ್ಚುಕಡಿಮೆ ಅದೇ ಬಿಸಿಲು. ಬೆಟ್ಟದಲ್ಲಿ ಹಾಗಲ್ಲ. ಮೇಲೆ ಹೋದಂತೆ ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಾಪಮಾನ ಇಳಿಯುತ್ತದೆ. ಮಾಹಿತಿ ಕೇಂದ್ರ 1,600 ಮೀಟರ್ ಎತ್ತರದಲ್ಲಿದೆ, ನೀವು ಹತ್ತಬೇಕಾದ ಕಣಿವೆದಾರಿ 3,100 ಮೀಟರಿನಲ್ಲಿದೆ ಅಂದುಕೊಳ್ಳಿ. ಕೆಳಗೆ 18 ಡಿಗ್ರಿ ಇದ್ದರೆ ಮೇಲೆ ಸುಮಾರು 8 ಡಿಗ್ರಿ. ಇನ್ನು ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ ಆ 8 ಡಿಗ್ರಿ ಮೈಗೆ 3 ಡಿಗ್ರಿಯ ಹಾಗೆ ಕೊರೆಯುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಕಷ್ಟ. ಕೆಳಗೆ ಟೀ ಶರ್ಟ್ ಹಾಕಿಕೊಂಡು ಆರಾಮಾಗಿ ಓಡಾಡುತ್ತಿದ್ದ ಅದೇ ಮನುಷ್ಯ ಮೂರು ಗಂಟೆಯ ನಂತರ ಮೇಲೆ ನಡುಗುತ್ತಾ ನಿಂತಿರುತ್ತಾನೆ, ಅದೂ ಹವಾಮಾನ ಒಂಚೂರೂ ಕೆಡದೇ!

ಹಾಗಾಗಿ ಒಳಗೆ ಹೋದ ಕೂಡಲೇ ನೋಡಬೇಕಾದ್ದು ಹವಾಮಾನದ ಫಲಕ. ಎಷ್ಟೋ ಕಡೆ ಸಿಬ್ಬಂದಿಯೇ ಬೆಳಿಗ್ಗೆ ಅದನ್ನು ಕೈಯಲ್ಲಿ ಬರೆದಿಡುತ್ತಾರೆ. ಅಲ್ಲಿ ಬರೆದಿರುವ ತಾಪಮಾನ ಯಾವ ಎತ್ತರದ್ದು ಅಂತ ಮೊದಲು ನೋಡಿ. ಕಣಿವೆಯದ್ದೋ, ಶಿಖರದ್ದೋ? ಗೊತ್ತಾಗದಿದ್ದರೆ ಕೇಳಿ. ನೀರು ಹೆಪ್ಪುಗಟ್ಟುವ ಎತ್ತರ ಅಂತ ಬೇರೆಯಾಗಿ ಬರೆದಿದ್ದರೆ ಅದು ಚಿನ್ನದಂಥ ಮಾಹಿತಿ. ಆ ಗೆರೆಯಿಂದ ಮೇಲೆ ಗಾಳಿ ಸೊನ್ನೆ ಡಿಗ್ರಿಗಿಂತ ತಣ್ಣಗಿರುತ್ತದೆ, ಕೆಳಗೆ ಬೀಳುವ ಮಳೆ ಅಲ್ಲಿ ಹಿಮವಾಗಿ ಬೀಳುತ್ತದೆ, ನಿನ್ನೆ ಕರಗಿದ ಹಿಮ ಇವತ್ತು ಜಾರುವ ಗಾಜಾಗಿರುತ್ತದೆ.

ಆಮೇಲೆ ಗುಡುಗು. ಬೇಸಿಗೆಯಲ್ಲಿ ಬೆಳಗಿನ ಬಿಸಿಲಿಗೆ ಇಳಿಜಾರುಗಳು ಕಾಯುತ್ತವೆ, ಅವುಗಳ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಮೇಲೆ ತಣ್ಣಗಾಗಿ ಮೋಡ ಕಟ್ಟುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದೇ ಮೋಡ ಸಿಡಿಲಿನ ಮೋಡವಾಗುತ್ತದೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತಲ್ಲ ಅಂತ ಆಮೇಲೆ ಎಷ್ಟೋ ಜನ ಹೇಳುತ್ತಾರೆ. ಬೆಳಿಗ್ಗೆ ಹಾಗಿತ್ತು ಅನ್ನುವುದೇ ಇಲ್ಲಿ ಕಾರಣ, ಅಲ್ವಾ? ಆ ಬಿಸಿಲಿಲ್ಲದೆ ಮಧ್ಯಾಹ್ನದ ಈ ಮೋಡ ಕಟ್ಟುವುದೇ ಇಲ್ಲ. ಅದಕ್ಕೇ ರೇಂಜರುಗಳು ಮಧ್ಯಾಹ್ನಕ್ಕೆ ಮುಂಚೆ ನೆತ್ತಿಯಿಂದ ಇಳಿದುಬಿಡಿ ಅನ್ನುತ್ತಾರೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೇ ಇದೆ, ಅಂದರೆ ಮುಂದಿನದು ನಿಮ್ಮ ಮೇಲೇ ಬೀಳಬಹುದಾದಷ್ಟು ಹತ್ತಿರ.

ಹೊಳೆಗಳಿಗೂ ಗಡಿಯಾರ ಇದೆ. ಹಿಮ ಕರಗಿ ಹುಟ್ಟುವ ಹೊಳೆ ಮುಂಜಾನೆ ಸೊರಗಿರುತ್ತದೆ, ಮಧ್ಯಾಹ್ನ ಮೇಲಿನ ಹಿಮ ಕರಗಿ ಅದರ ನೀರು ಕೆಳಗೆ ಬಂದು ಸೇರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆಗ ಅದೇ ಹೊಳೆ ಸೊಂಟದ ಮಟ್ಟಕ್ಕೆ ಬಂದಿರಬಹುದು. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದವರು ಸಂಜೆ ವಾಪಸ್ ಬರಲಾಗದೆ ಆ ದಡದಲ್ಲೇ ಉಳಿಯುವುದು ಹೀಗೆ. ದಾರಿಯಲ್ಲಿ ಸೇತುವೆ ಇಲ್ಲದ ಹೊಳೆ ಇದೆಯಾ, ಅದನ್ನು ವಾಪಸ್ ಬರುವಾಗ ಎಷ್ಟು ಹೊತ್ತಿಗೆ ದಾಟಬೇಕು ಅನ್ನುವುದನ್ನು ಕೌಂಟರಿನಲ್ಲಿ ಕೇಳದೇ ಹೋಗಬೇಡಿ.

ಎಷ್ಟೋ ಕೇಂದ್ರಗಳಲ್ಲಿ ಒಂದು ದೊಡ್ಡ ಮೇಜಿನ ಮೇಲೆ ಇಡೀ ಉದ್ಯಾನದ ಉಬ್ಬು ಮಾದರಿ ಇರುತ್ತದೆ. ಮಕ್ಕಳು ಅದರ ಶಿಖರಗಳ ಮೇಲೆ ಬೆರಳಾಡಿಸುತ್ತಿರುತ್ತಾರೆ, ದೊಡ್ಡವರು ಒಂದು ಸಲ ಸುಮ್ನೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ನನಗೆ ಅಲ್ಲಿ ಅತಿ ಇಷ್ಟದ ವಸ್ತು ಅದೇ. ಕಾಗದದ ನಕ್ಷೆಯಲ್ಲಿ ಕಾಂಟೂರ್ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು, ಓದಲು ಅಭ್ಯಾಸ ಬೇಕು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಸಮತಟ್ಟು ಅನ್ನುವುದು ಗೊತ್ತಿದ್ದರೂ ಕಣ್ಣ ಮುಂದೆ ಬೆಟ್ಟ ಏಳುವುದಿಲ್ಲ. ಉಬ್ಬು ಮಾದರಿಯಲ್ಲಿ ಎಲ್ಲ ಎದ್ದು ಕಾಣುತ್ತದೆ. ನಿಮ್ಮ ದಾರಿಯನ್ನು ಅದರ ಮೇಲೆ ಬೆರಳಿನಲ್ಲಿ ನಡೆಸಿ ನೋಡಿ: ಎಲ್ಲಿ ಕಾಡಿನಿಂದ ಹೊರಗೆ ಬರುತ್ತದೆ, ಎಲ್ಲಿಂದ ನೆರಳಿಲ್ಲ, ಯಾವ ಬದಿಯ ಇಳಿಜಾರಿಗೆ ಬಿಸಿಲು ಬೀಳುವುದಿಲ್ಲ, ದಾರಿ ತಪ್ಪಿದರೆ ಯಾವ ಹೊಳೆ ನಿಮ್ಮನ್ನು ತಪ್ಪು ಕಣಿವೆಗೆ ಇಳಿಸುತ್ತದೆ. ಈ ಕೊನೆಯದನ್ನು ತಪ್ಪದೇ ನೋಡಿ. ಬೆಟ್ಟದ ನೆತ್ತಿಯಲ್ಲಿ ಎರಡು ಕಣಿವೆಗಳ ನಡುವೆ ಇರುವ ಅಂತರ ಕೆಲವೇ ಹೆಜ್ಜೆ, ಕೆಳಗೆ ಬಂದ ಮೇಲೆ ಆ ಅಂತರ ಒಂದು ದಿನದ ನಡಿಗೆಯಷ್ಟು ಆಗಿರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಬೆಟ್ಟ ಚೆನ್ನಾಗಿ ಕಾಣಲಿ ಅಂತ ಎಷ್ಟೋ ಮಾದರಿಗಳಲ್ಲಿ ಎತ್ತರವನ್ನು ಒಂದೂವರೆ ಪಟ್ಟು, ಎರಡು ಪಟ್ಟು ಎಳೆದು ಮಾಡಿರುತ್ತಾರೆ, ಬದಿಯಲ್ಲಿ ಅದನ್ನು ಸಣ್ಣದಾಗಿ ಬರೆದಿರುತ್ತಾರೆ. ಅದನ್ನು ಓದಿಕೊಂಡರೆ ಸುಮ್ಮನೆ ಹೆದರಬೇಕಾಗಿಲ್ಲ.

ಮಾದರಿಯ ಪಕ್ಕದಲ್ಲೇ ನಿಂತು ಒಂದು ಲೆಕ್ಕ ಹಾಕಿ. 1892ರಲ್ಲಿ ಸ್ಕಾಟ್‌ಲ್ಯಾಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ ಹೇಳಿದ ಸೂತ್ರದ ಇವತ್ತಿನ ಮೆಟ್ರಿಕ್ ರೂಪ ಹೀಗಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ದಾರಿ, 900 ಮೀಟರ್ ಏರು ಅಂದರೆ ಸುಮಾರು ನಾಲ್ಕು ಗಂಟೆ. ಇದರಲ್ಲಿ ಕೂತ ಸಮಯ ಇಲ್ಲ, ಊಟ ಇಲ್ಲ, ಫೋಟೋ ಇಲ್ಲ, ವಾಪಸ್ ಬರುವುದೂ ಇಲ್ಲ. ಗಟ್ಟಿಮುಟ್ಟಾದ, ಅಭ್ಯಾಸವಿರುವ ಮನುಷ್ಯನ ಲೆಕ್ಕ ಇದು. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರಿಗೆ ಇದು ಒಂದೂವರೆ ಪಟ್ಟು ಆಗಬಹುದು. ಹಾಗೆ ಲೆಕ್ಕ ಹಾಕಿದಾಗ ಹೋಗಿಬರಲು ಬೆಳಕು ಸಾಲುತ್ತಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಕಣಿವೆಯಲ್ಲಿ ಸೂರ್ಯ ಬೆಟ್ಟದ ಹಿಂದೆ ಬೇಗ ಮರೆಯಾಗುತ್ತಾನೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ದಾರಿಗಳ ಪಟ್ಟಿಯಲ್ಲಿ ತೆರೆದಿದೆ ಅಂತ ಹಸಿರು ಗುರುತು ಇದ್ದರೆ ಅದನ್ನು ಸುರಕ್ಷಿತ ಅಂತ ಓದಿಕೊಳ್ಳಬೇಡಿ. ಆ ದಾರಿಯನ್ನು ಮುಚ್ಚಿಲ್ಲ ಅಷ್ಟೇ. ಮರ ಬಿದ್ದಿರಬಹುದು, ಮೇಲಿನ ಅರ್ಧ ಹಿಮದಲ್ಲಿ ಮುಚ್ಚಿರಬಹುದು. ಚಳಿಗಾಲದಲ್ಲಾದರೆ ಹಿಮಕುಸಿತದ ಅಪಾಯದ ಮಟ್ಟವನ್ನು 1ರಿಂದ 5ರವರೆಗಿನ ಅಂಕಿಯಲ್ಲಿ ಹಾಕಿರುತ್ತಾರೆ. ಯುರೋಪಿನ ದೇಶಗಳು ಒಂದೇ ಅಳತೆ ಇರಲಿ ಅಂತ 1993ರಲ್ಲಿ ಒಪ್ಪಿಕೊಂಡ ಕ್ರಮ ಇದು, ಉತ್ತರ ಅಮೆರಿಕದಲ್ಲೂ ಐದೇ ಹಂತ. ಇಲ್ಲಿ ಜನ ಎಡವುವುದು 3ರಲ್ಲಿ. ಐದರಲ್ಲಿ ಮೂರು ಅಂದರೆ ಮಧ್ಯಮ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಒಂದು ಹಂತದಿಂದ ಇನ್ನೊಂದಕ್ಕೆ ಅಪಾಯ ಸಮನಾಗಿ ಏರುವುದಿಲ್ಲ, ಮೇಲೆ ಹೋದಂತೆ ಹಲವು ಪಟ್ಟು ಜಾಸ್ತಿಯಾಗುತ್ತದೆ. 3ನೇ ಹಂತದಲ್ಲಿ ಒಬ್ಬನೇ ಮನುಷ್ಯನ ಭಾರಕ್ಕೂ ಇಳಿಜಾರಿನ ಹಿಮ ಕಿತ್ತು ಬರಬಹುದು. 4, 5 ಇದ್ದಾಗ ಜನ ಹೆದರಿ ಮನೆಯಲ್ಲೇ ಇರುತ್ತಾರೆ, 3 ಇದ್ದಾಗ ಹೊರಡುತ್ತಾರೆ, ಸಾವುಗಳೂ ಅಲ್ಲೇ ಜಾಸ್ತಿ.

ಈಗ ಕೌಂಟರಿಗೆ ಬರೋಣ. ಅಲ್ಲಿ ಕೂತವರಿಗೆ ದಿನಕ್ಕೆ ನೂರು ಸಲ ಬರುವ ಪ್ರಶ್ನೆ, ಇಲ್ಲಿ ಚೆನ್ನಾಗಿರೋದು ಏನಿದೆ ಅನ್ನುವುದು. ಅದಕ್ಕೆ ಉತ್ತರವೂ ಸಿದ್ಧವಾಗಿರುತ್ತದೆ, ಎಲ್ಲರಿಗೂ ಹೇಳುವ ಅದೇ ಜಲಪಾತ, ಅದೇ ವ್ಯೂ ಪಾಯಿಂಟ್. ನಿಮಗೆ ಸರಿಹೊಂದುವ ಉತ್ತರ ಬೇಕಾದರೆ ಮೊದಲು ನಿಮ್ಮ ಬಗ್ಗೆ ಹೇಳಬೇಕು. ಎಷ್ಟು ಜನ ಇದ್ದೀರಿ, ಅತಿ ಚಿಕ್ಕವರ ಮತ್ತು ಅತಿ ದೊಡ್ಡವರ ವಯಸ್ಸೆಷ್ಟು, ಕಾಲಿಗೆ ಏನು ಹಾಕಿದ್ದೀರಿ, ಎಷ್ಟು ಗಂಟೆಗೆ ವಾಪಸ್ ಬರಬೇಕು, ಹಿಂದೆ ಇಂಥ ಎತ್ತರದಲ್ಲಿ ನಡೆದಿದ್ದೀರಾ. ಆಮೇಲೆ ಕೇಳಿ: ಈ ದಾರಿಯಲ್ಲಿ ಜನ ಸಾಮಾನ್ಯವಾಗಿ ಎಲ್ಲಿಂದ ವಾಪಸ್ ತಿರುಗುತ್ತಾರೆ, ಯಾಕೆ? ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಉತ್ತರ ಹೇಳುವವರು ತಕ್ಷಣ ನಕ್ಷೆಯ ಮೇಲೆ ಒಂದು ಜಾಗ ತೋರಿಸುತ್ತಾರೆ, ಅಲ್ಲಿ ಏನು ಕಷ್ಟ ಅಂತ ಹೇಳುತ್ತಾರೆ, ಆಗ ನಿಮಗೆ ದಾರಿಯ ನಿಜವಾದ ರೂಪ ಗೊತ್ತಾಗುತ್ತದೆ. ನಿನ್ನೆ ಅಲ್ಲಿಗೆ ಹೋದವರು ಏನು ಹೇಳಿದರು ಅಂತಲೂ ಕೇಳಿ. ಬೇಡ ಅಂತ ಅವರು ಹೇಳಿದರೆ ವಾದ ಮಾಡಬೇಡಿ. ನಿಮ್ಮಂಥವರನ್ನು ಹುಡುಕಲು ರಾತ್ರಿ ಟಾರ್ಚ್ ಹಿಡಿದು ಹೊರಡುವವರು ಅವರ ಸಹೋದ್ಯೋಗಿಗಳೇ.

ಪರ್ಮಿಟ್ ಬೇಕಾ ಅನ್ನುವುದು ಒಂದೊಂದು ಉದ್ಯಾನಕ್ಕೆ ಒಂದೊಂದು ರೀತಿ. ಅಮೆರಿಕದ ಮೌಂಟ್ ರೇನಿಯರ್‌ನಲ್ಲಿ ಹಿಮನದಿಯ ಮೇಲೆ ಕಾಲಿಡಲು, ಅಥವಾ 10,000 ಅಡಿ ದಾಟಿ ಹೋಗಲು ಆರೋಹಣದ ಪರ್ಮಿಟ್ ಬೇಕೇ ಬೇಕು. ಉತ್ತರಾಖಂಡದ ಹೂಗಳ ಕಣಿವೆಯಲ್ಲಿ ರಾತ್ರಿ ತಂಗುವಂತಿಲ್ಲ, ಕತ್ತಲಾಗುವ ಮೊದಲೇ ಹೊರಗೆ ಬರಬೇಕು. 1914ರಲ್ಲಿ ಶುರುವಾದ ಸ್ವಿಸ್ ರಾಷ್ಟ್ರೀಯ ಉದ್ಯಾನದಲ್ಲಿ ಗುರುತು ಮಾಡಿದ ದಾರಿ ಬಿಟ್ಟು ಕಾಲಿಡುವಂತಿಲ್ಲ, ಹೂ ಕೀಳುವಂತಿಲ್ಲ, ಹಗ್ಗ ಕಟ್ಟಿಕೊಂಡೂ ನಾಯಿ ತರುವಂತಿಲ್ಲ, ಬಿದ್ದ ಮರದ ಒಣಕಡ್ಡಿ ಕೂಡ ಮುಟ್ಟುವಂತಿಲ್ಲ. ಇದು ಜಾಸ್ತಿಯಾಯಿತು ಅನ್ನಿಸಬಹುದು. ಆದರೆ ಆ ಎತ್ತರದಲ್ಲಿ ಗಿಡ ಬೆಳೆಯಲು ವರ್ಷಕ್ಕೆ ಸಿಗುವುದು ಕೆಲವೇ ವಾರ. ಒಮ್ಮೆ ಬೂಟಿನಡಿ ನಜ್ಜಾದ ಹುಲ್ಲುದಿಂಡು ಮತ್ತೆ ಮೊದಲಿನಂತೆ ಆಗಲು ಎಷ್ಟೋ ವರ್ಷ ಹಿಡಿಯುತ್ತದೆ. ಅಲ್ಲಿ ಜನ ದಾರಿಯಲ್ಲೇ ನಡೆಯುವುದರಿಂದ ಇನ್ನೊಂದು ಲಾಭವಿದೆ. ಮನುಷ್ಯರು ಎಲ್ಲಿರುತ್ತಾರೆ ಅಂತ ಪ್ರಾಣಿಗಳಿಗೆ ಗೊತ್ತಾಗಿ ಅವು ಹಗಲಿನಲ್ಲೇ ಬಯಲಿಗೆ ಬಂದು ಮೇಯುತ್ತವೆ, ನೋಡುವವರಿಗೆ ಕಾಣುತ್ತವೆ.

ತುಂಬ ಎತ್ತರದ ಉದ್ಯಾನಗಳಲ್ಲಿ ಉಸಿರಿನ ವಿಷಯವನ್ನೂ ಕೇಂದ್ರದಲ್ಲೇ ತಿಳಿದುಕೊಳ್ಳಬೇಕು. ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಅಂತ ಹೇಳುವುದುಂಟು. ಪಾಲು ಎಲ್ಲ ಕಡೆ ಅದೇ, ಸುಮಾರು ಶೇಕಡಾ 21. ಕಡಿಮೆಯಾಗುವುದು ಗಾಳಿಯ ಒತ್ತಡ. 5,500 ಮೀಟರಿನಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧ ಆಗುತ್ತದೆ, ಅಂದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೇ ಇರಿ ಅನ್ನುವುದು ವೈದ್ಯರ ಸಲಹೆ. ನೇಪಾಳದ ಸಾಗರಮಾಥಾ ರಾಷ್ಟ್ರೀಯ ಉದ್ಯಾನದಲ್ಲಿ ಇದು ಬಹಳ ಚೆನ್ನಾಗಿ ಕೂಡಿಬಂದಿದೆ. 3,440 ಮೀಟರ್ ಎತ್ತರದ ನಾಮ್ಚೆ ಬಜಾರಿನಲ್ಲಿ ಚಾರಣಿಗರು ಹೊಂದಿಕೊಳ್ಳಲು ಒಂದು ದಿನ ಹೆಚ್ಚಿಗೆ ಉಳಿಯುತ್ತಾರೆ, ಉದ್ಯಾನದ ಮಾಹಿತಿ ಕೇಂದ್ರ ಊರಿನ ಮೇಲಿನ ಗುಡ್ಡದಲ್ಲಿದೆ. ಹತ್ತಿ ಹೋಗಿ, ನೋಡಿ, ಇಳಿದು ಬಂದು ಕೆಳಗೆ ಮಲಗಿದರೆ ದೇಹಕ್ಕೆ ಬೇಕಾದ ಅಭ್ಯಾಸವೂ ಆಯಿತು. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಎವರೆಸ್ಟ್ ಕೂಡ ಕಾಣುತ್ತದೆ. ತಲೆನೋವು, ವಾಕರಿಕೆ ಶುರುವಾದರೆ ಇನ್ನು ಮೇಲೆ ಏರಬಾರದು, ಜಾಸ್ತಿಯಾದರೆ ರಾತ್ರಿಯಾದರೂ ಸರಿ ಇಳಿಯಬೇಕು.

ಇನ್ನು ಪ್ರದರ್ಶನ. ಗಾಜಿನ ಪೆಟ್ಟಿಗೆ, ಕಲ್ಲು, ತಲೆಬುರುಡೆ, ಒಣಗಿಸಿದ ಗಿಡ ಅಂತ ಬೇಸರ ಪಡಬೇಡಿ. ಹೊರಗೆ ಹೋದ ಮೇಲೆ ನೀವು ಏನನ್ನು ಗುರುತಿಸುತ್ತೀರಿ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ. ಮುಟ್ಟಿ ನೋಡಿ ಅಂತ ಇಟ್ಟಿರುವ ಕೊಂಬುಗಳನ್ನು ಮುಟ್ಟಿ. ಕಾಡುಮೇಕೆಯ ಕೊಂಬು ಜೀವನಪೂರ್ತಿ ಬೆಳೆಯುತ್ತದೆ, ಅದರ ಮೇಲಿನ ಗೆರೆಗಳಿಂದ ವಯಸ್ಸು ಹೇಳಬಹುದು. ಜಿಂಕೆಯ ಕವಲುಗೊಂಬು ವರ್ಷವರ್ಷ ಉದುರಿ ಹೊಸದಾಗಿ ಬರುತ್ತದೆ. ಸಮುದ್ರ ಜೀವಿಗಳ ಪಳೆಯುಳಿಕೆ ಇದ್ದರೆ ಅದರ ಮುಂದೆ ಸ್ವಲ್ಪ ನಿಲ್ಲಿ. ಎವರೆಸ್ಟಿನ ತುದಿಯ ಕಲ್ಲು ಕೂಡ 40 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂಡಿದ ಸುಣ್ಣಕಲ್ಲು. ಭಾರತದ ಭೂಭಾಗ ಏಷ್ಯಾಕ್ಕೆ ಒತ್ತಿಕೊಂಡಾಗ ಆ ಸಮುದ್ರತಳವೇ ಮೇಲೆದ್ದಿತು. ಇದನ್ನು ಓದಿಕೊಂಡು ಹೊರಗೆ ನಡೆದರೆ ಕಾಲಡಿಯ ಪದರು ಪದರು ಕಲ್ಲು ಬೇರೆ ರೀತಿಯೇ ಕಾಣುತ್ತದೆ.

ಫಲಕಗಳ ವಯಸ್ಸನ್ನೂ ಗಮನಿಸಿ. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 2020ರ ಹೊತ್ತಿಗೆ ಇಲ್ಲಿನ ಹಿಮನದಿಗಳೆಲ್ಲ ಮುಗಿದುಹೋಗುತ್ತವೆ ಅನ್ನುವ ಫಲಕಗಳಿದ್ದವು. 2020 ಬಂತು, ಹಿಮನದಿಗಳು ಇನ್ನೂ ಇದ್ದವು, ಫಲಕದ ಮಾತನ್ನು ಬದಲಿಸಬೇಕಾಯಿತು. ಇದನ್ನೇ ಹಿಡಿದು ಕರಗುವುದೆಲ್ಲ ಸುಳ್ಳು ಅಂದವರಿದ್ದಾರೆ, ಅದು ತಪ್ಪು. 1850ರ ಸುಮಾರಿಗೆ ಅಲ್ಲಿ ಅಂದಾಜು 150 ಹಿಮನದಿಗಳಿದ್ದವು, 2015ರಲ್ಲಿ ಹಿಮನದಿ ಅನ್ನಿಸಿಕೊಳ್ಳುವಷ್ಟು ದೊಡ್ಡದಾಗಿ ಉಳಿದದ್ದು 26. ಒಂದು ಇಸವಿಯ ಊಹೆ ತಪ್ಪಿತು, ಕುಗ್ಗುವುದು ನಿಂತಿಲ್ಲ. ಗೋಡೆಯ ಮೇಲೆ ಅಚ್ಚಾದದ್ದು ಹಳೆಯದಾಗುತ್ತದೆ, ಕೌಂಟರಿನ ಮನುಷ್ಯನಿಗೆ ಹೊಸದು ಗೊತ್ತಿರುತ್ತದೆ. ಅನುಮಾನ ಬಂದರೆ ಅವರನ್ನೇ ಕೇಳಿ.

ಪ್ರಾಣಿ ಎಲ್ಲಿ ಕಾಣುತ್ತದೆ ಅಂತ ಕೇಳಿದಾಗ ಮಾತ್ರ ಅವರು ಸ್ವಲ್ಪ ಮೊಗಮ್ಮಾಗಿ ಹೇಳಬಹುದು. ಅಪರೂಪದ ಪ್ರಾಣಿಯ ಗುಹೆ, ಹದ್ದಿನ ಗೂಡು ಇರುವ ಜಾಗ ಹೇಳಿಬಿಟ್ಟರೆ ಅಲ್ಲಿಗೆ ಕ್ಯಾಮೆರಾಗಳು ಸಾಲುಗಟ್ಟುತ್ತವೆ, ಅದಕ್ಕೇ ಹೇಳುವುದಿಲ್ಲ. ಎಷ್ಟು ದೂರ ಇರಬೇಕು ಅನ್ನುವುದನ್ನು ಮಾತ್ರ ಖಂಡಿತ ಹೇಳುತ್ತಾರೆ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಕರಡಿ, ತೋಳಗಳಿಂದ 91 ಮೀಟರ್, ಬೇರೆ ಪ್ರಾಣಿಗಳಿಂದ 23 ಮೀಟರ್ ದೂರ ಇರಲೇಬೇಕು ಅನ್ನುವುದು ನಿಯಮ. ಕರಡಿ ಇರುವ ಎಷ್ಟೋ ಉದ್ಯಾನಗಳಲ್ಲಿ ಆಹಾರ ಇಡಲು ಗಟ್ಟಿ ಡಬ್ಬಿಯನ್ನು ಬಾಡಿಗೆಗೆ ಕೊಡುವುದೂ ಈ ಕೇಂದ್ರಗಳೇ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ. ಆ ಡಬ್ಬಿ ನಿಮ್ಮ ಊಟಕ್ಕಿಂತ ಹೆಚ್ಚಾಗಿ ಕಾಯುವುದು ಕರಡಿಯನ್ನು.

ಕಟ್ಟಡವನ್ನೂ ಒಂದು ಸಲ ತಿರುಗಿ ನೋಡಿ. ಅಮೆರಿಕದಲ್ಲಿ 1956ರಿಂದ 1966ರವರೆಗೆ ಮಿಷನ್ 66 ಅನ್ನುವ ಯೋಜನೆಯಲ್ಲಿ ನೂರಕ್ಕೂ ಹೆಚ್ಚು ಮಾಹಿತಿ ಕೇಂದ್ರಗಳನ್ನು ಕಟ್ಟಿದರು. ಕೌಂಟರು, ಪ್ರದರ್ಶನ, ಸಭಾಂಗಣ, ಶೌಚಾಲಯ ಎಲ್ಲ ಒಂದೇ ಸೂರಿನಡಿ ಅನ್ನುವ ಮಾದರಿ ಬೇರೂರಿದ್ದು ಆಗಲೇ. ಮೌಂಟ್ ರೇನಿಯರ್‌ನ ಪ್ಯಾರಡೈಸ್ ಎಂಬಲ್ಲಿ 1966ರಲ್ಲಿ ಎದ್ದ ಕೇಂದ್ರ ಹಾರುವ ತಟ್ಟೆಯ ಆಕಾರದಲ್ಲಿತ್ತು. ನೋಡಲು ಚೆಂದ. ಆದರೆ ಅದೇ ಪ್ಯಾರಡೈಸಿನಲ್ಲಿ 1971-72ರ ಒಂದೇ ಹಿಮಗಾಲದಲ್ಲಿ ಸುಮಾರು 28.5 ಮೀಟರ್ ಹಿಮ ಬಿದ್ದ ದಾಖಲೆ ಇದೆ! ಆ ಚಾವಣಿಯಿಂದ ಹಿಮ ಜಾರಿ ಬೀಳುತ್ತಿರಲಿಲ್ಲ, ಚಳಿಗಾಲವೆಲ್ಲ ಇಂಧನ ಸುಟ್ಟು ಕರಗಿಸಬೇಕಿತ್ತು. 2008ರಲ್ಲಿ ಅದರ ಬದಲಿಗೆ ಬಂದ ಹೊಸ ಕೇಂದ್ರಕ್ಕೆ ಕಡಿದಾದ ಇಳಿಜಾರು ಮಾಡು, ಹಿಮ ತಾನೇ ಜಾರಿಹೋಗುತ್ತದೆ. ಬೆಟ್ಟದ ಯಾವ ಕೇಂದ್ರಕ್ಕೆ ಹೋದರೂ ಮಾಡಿನ ಇಳಿಜಾರು, ಕಿಟಕಿಯ ದಿಕ್ಕು, ಬಾಗಿಲು ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ನೋಡಿದರೆ ಅಲ್ಲಿನ ಚಳಿಗಾಲ ಹೇಗಿರುತ್ತದೆ ಅಂತ ಯಾರೂ ಹೇಳದೇ ಗೊತ್ತಾಗುತ್ತದೆ.

ಹೋಗುವ ಮೊದಲು ಕೇಂದ್ರ ತೆರೆದಿರುತ್ತಾ ಅಂತ ನೋಡಿಕೊಳ್ಳಿ. ಗ್ಲೇಸಿಯರ್ ಉದ್ಯಾನದ ಲೋಗನ್ ಪಾಸ್ ಕೇಂದ್ರದಂಥವು ರಸ್ತೆಯ ಹಿಮ ಸರಿಸಿದ ಮೇಲೆ ಬೇಸಿಗೆಯಲ್ಲಷ್ಟೇ ತೆರೆಯುತ್ತವೆ. ಬಾಗಿಲು ಹಾಕಿದ್ದರೂ ಹೊರಗಿನ ಫಲಕದಲ್ಲಿ ನಕ್ಷೆ, ಎಚ್ಚರಿಕೆ, ತುರ್ತು ನಂಬರ್ ಇರುತ್ತದೆ, ಅದನ್ನು ಬರೆದುಕೊಳ್ಳಿ. ಮುಂದೆ ಸಿಗ್ನಲ್ ಎಲ್ಲಿಯವರೆಗೆ ಸಿಗುತ್ತದೆ ಅನ್ನುವುದನ್ನೂ ಕೇಳಿಟ್ಟುಕೊಳ್ಳಿ.

ಕೆಲವು ಕಡೆ ಹೊರಡುವವರು ಹೆಸರು, ದಾರಿ, ವಾಪಸ್ ಬರುವ ಸಮಯ ಬರೆಯುವ ಪುಸ್ತಕ ಇರುತ್ತದೆ. ಬರೆಯಿರಿ, ಬಂದ ಮೇಲೆ ಮರೆಯದೆ ಸಹಿ ಹಾಕಿ. ಸಹಿ ಇಲ್ಲದ ಹೆಸರನ್ನು ಹುಡುಕಲು ಜನ ಹೊರಡಬೇಕಾಗುತ್ತದೆ, ನೀವು ಆಗಲೇ ಕೋಣೆಯಲ್ಲಿ ಮಲಗಿದ್ದರೂ ಸಹ. ಪುಸ್ತಕ ಇಲ್ಲದ ಕಡೆ ಮನೆಯವರಿಗೋ ಗೆಳೆಯರಿಗೋ ಇದೇ ವಿವರ ಕಳಿಸಿ, ಕೇಂದ್ರಗಳು ನಿಮ್ಮನ್ನು ತಾವಾಗಿಯೇ ಲೆಕ್ಕ ಇಟ್ಟುಕೊಳ್ಳುತ್ತವೆ ಅಂತ ನಂಬಬೇಡಿ. ಸಹಿ ಹಾಕುವಾಗ ಎರಡು ನಿಮಿಷ ನಿಂತು ದಾರಿಯಲ್ಲಿ ಕಂಡದ್ದನ್ನು ಹೇಳಿ: ಎಲ್ಲಿ ಮರ ಬಿದ್ದಿದೆ, ಯಾವ ಸೇತುವೆಯ ಹಲಗೆ ಸಡಿಲವಾಗಿದೆ, ಹಿಮ ಎಲ್ಲಿಂದ ಶುರುವಾಗುತ್ತದೆ, ಹೊಳೆ ದಾಟುವಾಗ ನೀರು ಎಲ್ಲಿಯವರೆಗೆ ಬಂತು. ಬೆಳಿಗ್ಗೆ ನಿಮಗೆ ಅವರು ಹೇಳಿದ್ದರಲ್ಲಿ ಎಷ್ಟೋ ಭಾಗ ಹಿಂದಿನ ದಿನ ಯಾರೋ ಹೀಗೆ ನಿಂತು ಹೇಳಿಹೋದದ್ದೇ. ನಾಳೆ ಆ ದಾರಿಗೆ ಹೊರಡುವವರು ಫಲಕದಲ್ಲಿ ಓದುವುದು ನೀವು ಹೇಳಿದ್ದನ್ನು.